ಗಂಡು ಬೆಕ್ಕಿನ ಆಪರೇಶನ್ ಮತ್ತು ಗೋಡೆಗೆ ಉಚ್ಚೆ ಹಾರಿಸುವ ಚಾಳಿ: ಶಿರಸಿ–ಕಾರವಾರ ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಉತ್ತರ ಕನ್ನಡದಲ್ಲಿ ಬೆಕ್ಕಿಲ್ಲದ ಮನೆ ಕಡಿಮೆ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಅಟ್ಟಕ್ಕೆ ಇಲಿ ಬರಬಾರದು ಅಂತ ಸಾಕುತ್ತಾರೆ. ಕಾರವಾರ, ಅಂಕೋಲಾ ಕಡೆ ಮೀನು ಹೆಚ್ಚುವ ಹೊತ್ತಿಗೆ ಹಿತ್ತಲಿಗೆ ಬಂದ ಬೆಕ್ಕೇ ಮನೆಯದಾಗಿಬಿಡುತ್ತದೆ. ಮರಿಯಾಗಿದ್ದಾಗ ಎಲ್ಲರಿಗೂ ಮುದ್ದು. ಆರೇಳು ತಿಂಗಳಾಗುತ್ತಿದ್ದ ಹಾಗೆ ಗಂಡು ಮರಿ ಬಾಲ ಎತ್ತಿ ಗೋಡೆಗೆ ಉಚ್ಚೆ ಹಾರಿಸಲು ಶುರು ಮಾಡುತ್ತದೆ. ಮನೆಯೆಲ್ಲ ನಾತ. ಕೊನೆಗೆ ಒಂದು ದಿನ ಗೋಣಿಚೀಲದಲ್ಲಿ ಹಾಕಿಕೊಂಡು ಹೋಗಿ ಮೀನು ಮಾರ್ಕೆಟ್ ಹತ್ತಿರವೋ ಘಟ್ಟದ ತಿರುವಿನಲ್ಲೋ ಬಿಟ್ಟು ಬರುತ್ತಾರೆ.

ಹೀಗೆ ಬಿಟ್ಟು ಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾನೂನಿನ ಮಾತು ಹಾಗಿರಲಿ, ಬೆಕ್ಕನ್ನು ಬಿಡುವ ಅಗತ್ಯವೇ ಇಲ್ಲ. ಚಾಳಿ ಶುರುವಾಗುವ ಮೊದಲೇ ಬೀಜ ತೆಗೆಸುವ ಒಂದು ಸಣ್ಣ ಆಪರೇಶನ್ ಮಾಡಿಸಿದರೆ ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕುಗಳು ಇದಕ್ಕೆ ಕೈ ಹಾಕುವುದೇ ಇಲ್ಲ. ಶುರುವಾದ ಮೇಲೆ ಮಾಡಿಸಿದರೂ ಹೆಚ್ಚಿನವು ಬಿಡುತ್ತವೆ. ಆದರೆ ತಡವಾದಷ್ಟೂ ಕೆಲಸ ಜಾಸ್ತಿ. ಆಗ ಆಪರೇಶನ್ ಒಂದೇ ಸಾಲುವುದಿಲ್ಲ. ಗೋಡೆ ತೊಳೆಯಬೇಕು, ಮರಳಿನ ಟ್ರೇ ಇಡಬೇಕು, ಹೊರಗಿನ ಬೆಕ್ಕುಗಳನ್ನೂ ನೋಡಿಕೊಳ್ಳಬೇಕು.

ಮೊದಲು ಗಮನಿಸಿ: ಹಾರಿಸುವುದೋ, ಹೊಯ್ಯುವುದೋ, ಕಟ್ಟಿಕೊಂಡಿದೆಯೋ

ಉಚ್ಚೆ ಹಾರಿಸುವ ಬೆಕ್ಕು ಕೂರುವುದಿಲ್ಲ. ಅಟ್ಟದ ಮೆಟ್ಟಿಲ ಬುಡದಲ್ಲಿ ಅಡಿಕೆ ಚೀಲ ಇದೆ ಅಂತಿಟ್ಟುಕೊಳ್ಳಿ. ಬೆಕ್ಕು ಮೊದಲು ಆ ಚೀಲದ ಮೂಲೆಯನ್ನು ಚೆನ್ನಾಗಿ ಮೂಸುತ್ತದೆ. ಬಾಯಿ ಅರ್ಧ ತೆರೆದು ಒಂದು ಕ್ಷಣ ಸುಮ್ಮನೆ ನಿಲ್ಲುತ್ತದೆ. ಆಮೇಲೆ ತಿರುಗಿ ಬೆನ್ನು ಹಾಕಿ ನಿಲ್ಲುತ್ತದೆ. ಬಾಲ ನೆಟ್ಟಗೆ ಮೇಲೆ, ತುದಿ ಸಣ್ಣಗೆ ನಡುಗುತ್ತಿರುತ್ತದೆ. ಹಿಂಗಾಲು ಎರಡನ್ನೂ ಒಂದಾದ ಮೇಲೊಂದು ತುಳಿಯುತ್ತದೆ. ಒಂದೇ ಒಂದು ಚಿಮ್ಮು. ನೆಲದಿಂದ ಗೇಣು ಮೇಲೆ ಒದ್ದೆ ಗೆರೆ ಮೂಡಿ ಕೆಳಗೆ ಇಳಿಯುತ್ತದೆ. ಬೆಕ್ಕು ಮುಚ್ಚುವುದೂ ಇಲ್ಲ, ಕೆರೆಯುವುದೂ ಇಲ್ಲ, ತನ್ನ ಪಾಡಿಗೆ ನಡೆದು ಹೋಗುತ್ತದೆ. ಬಾಗಿಲ ಪಟ್ಟಿ, ಕಿಟಕಿ ಪರದೆ, ಬೈಕಿನ ಟಯರು, ಜಗುಲಿಯ ಕಂಬ, ಹೊಸದಾಗಿ ಮನೆಗೆ ಬಂದ ಸಾಮಾನು, ಇವೇ ಸಾಮಾನ್ಯವಾಗಿ ಗುರಿ.

ಉಚ್ಚೆ ಹೊಯ್ಯುವ ಬೆಕ್ಕು ಕೂತು ಹೊಯ್ಯುತ್ತದೆ. ಜಾಗ ಸಪಾಟಾಗಿರುತ್ತದೆ: ಚಾಪೆ, ಹಾಸಿಗೆ, ಒಗೆಯಲು ಹಾಕಿದ ಬಟ್ಟೆಯ ರಾಶಿ. ಪ್ರಮಾಣವೂ ಜಾಸ್ತಿ. ಇದಕ್ಕೆ ಗಂಡಸುತನದ ಚಾಳಿ ಕಾರಣವಲ್ಲ. ಟ್ರೇ ಗಲೀಜಾಗಿರಬಹುದು, ಹೊರಗೆ ಮಳೆ ಇರಬಹುದು, ಮೂತ್ರಕೋಶದಲ್ಲಿ ಉರಿ ಇರಬಹುದು. ಆಪರೇಶನ್ ಮಾಡಿಸಿದರೆ ಇದು ನಿಲ್ಲುತ್ತದೆ ಅಂತ ಕಾಯಬೇಡಿ.

ಮೂರನೆಯದು ಉಚ್ಚೆ ಕಟ್ಟಿಕೊಳ್ಳುವುದು. ಇದನ್ನು ಪ್ರತಿಯೊಬ್ಬ ಬೆಕ್ಕು ಸಾಕುವವರೂ ತಿಳಿದಿರಲೇಬೇಕು. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಸಪೂರ. ಸಣ್ಣ ಹರಳೋ ಲೋಳೆಯೋ ಸಿಕ್ಕಿಕೊಂಡರೆ ದಾರಿ ಮುಚ್ಚಿಹೋಗುತ್ತದೆ. ಬೆಕ್ಕು ಪದೇ ಪದೇ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಆದರೆ ಹನಿಯೂ ಬರುವುದಿಲ್ಲ. ಹಿಂಭಾಗವನ್ನು ನೆಕ್ಕುತ್ತಲೇ ಇರುತ್ತದೆ. ಆಮೇಲೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. "ಮಲಬದ್ಧತೆ ಇರಬೇಕು, ನಾಳೆ ನೋಡೋಣ" ಅನ್ನಬೇಡಿ. ರಾತ್ರಿಯಾದರೂ ಡಾಕ್ಟರಿಗೆ ಫೋನ್ ಮಾಡಿ.

ಯಾಕೆ ಹಾರಿಸುತ್ತದೆ, ಯಾಕಿಷ್ಟು ನಾತ

ಗಂಡು ಬೆಕ್ಕಿಗೆ ಇದು ಊರಿಗೆ ಹಾಕುವ ನೋಟೀಸು. "ಈ ಜಾಗ ನನ್ನದು, ನಾನು ಇಲ್ಲಿದ್ದೇನೆ" ಅಂತ ಬೇರೆ ಗಂಡುಗಳಿಗೂ ಹೆಣ್ಣುಗಳಿಗೂ ತಿಳಿಸುತ್ತದೆ. ವೃಷಣದಲ್ಲಿ, ಅಂದರೆ ಬೀಜದಲ್ಲಿ, ತಯಾರಾಗುವ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಹತ್ತಿರದಲ್ಲಿ ಹೆಣ್ಣು ಬೆಕ್ಕು ಬೆದೆಗೆ ಬಂದರೆ ಹಾರಿಸುವುದು ಇನ್ನೂ ಜಾಸ್ತಿ. ಚಳಿ ದೇಶಗಳಲ್ಲಿ ಬೆದೆಗೆ ಒಂದು ಕಾಲ ಇದೆ. ನಮ್ಮ ಕಡೆಯ ಹವೆಯಲ್ಲಿ ವರ್ಷವಿಡೀ ಬೆದೆ ಬರಬಹುದು, ಹಾಗಾಗಿ ಗಂಡಿನ ಕಾಟಕ್ಕೂ ಬಿಡುವಿಲ್ಲ.

ನಾತಕ್ಕೆ ಕಾರಣ ಫೆಲಿನಿನ್ ಎಂಬ ಅಮೈನೋ ಆಮ್ಲ. ಇದರಲ್ಲಿ ಗಂಧಕ ಇದೆ. ಉಚ್ಚೆ ಹೊರಗೆ ಬಿದ್ದ ಮೇಲೆ ಇದು ಒಡೆದು ಆ ಕಟುವಾದ ವಾಸನೆ ಏಳುತ್ತದೆ. ಇದು ತಯಾರಾಗಲು ಕಾಕ್ಸಿನ್ ಎಂಬ ಪ್ರೋಟೀನ್ ನೆರವಾಗುತ್ತದೆ ಅಂತ 2006ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಆಪರೇಶನ್ ಆಗದ ಗಂಡಿನ ಉಚ್ಚೆಯಲ್ಲಿ ಫೆಲಿನಿನ್ ತುಂಬಾ ಜಾಸ್ತಿ, ಹೆಣ್ಣಿನಲ್ಲೂ ಆಪರೇಶನ್ ಆದ ಗಂಡಿನಲ್ಲೂ ಕಡಿಮೆ. ಅಂದರೆ ಆಪರೇಶನ್ ಆದ ಬೆಕ್ಕು ಯಾವಾಗಲಾದರೊಮ್ಮೆ ಹಾರಿಸಿದರೂ ಮೊದಲಿನಷ್ಟು ನಾತ ಇರುವುದಿಲ್ಲ.

ಇನ್ನೊಂದು ಮಾತು. ಬೆಕ್ಕು ಸೇಡಿಗಾಗಿ ಹಾರಿಸುವುದಿಲ್ಲ. ಹೊಡೆದರೆ, ಮೂತಿಯನ್ನು ಉಚ್ಚೆಗೆ ತಿಕ್ಕಿದರೆ ಅದಕ್ಕೆ ಹೆದರಿಕೆ ಹೆಚ್ಚುತ್ತದೆ. ಹೆದರಿದ ಬೆಕ್ಕು ಇನ್ನೂ ಜಾಸ್ತಿ ಹಾರಿಸುತ್ತದೆ.

ಯಾವ ವಯಸ್ಸಿಗೆ ಮಾಡಿಸಬೇಕು

4ರಿಂದ 6 ತಿಂಗಳ ನಡುವೆ. 5 ತಿಂಗಳು ತುಂಬುವ ಮೊದಲೇ ಮುಗಿಸಿಬಿಟ್ಟರೆ ಇನ್ನೂ ಒಳ್ಳೆಯದು. ಮರಿ ಆರೋಗ್ಯವಾಗಿರಬೇಕು, ಸುಮಾರು 2 ಕಿಲೋ ತೂಕ ಇದ್ದರೆ ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ತೂಕ ನೋಡುವುದು ಸುಲಭ. ಮರಿಯನ್ನು ಚೀಲದಲ್ಲಿ ಹಾಕಿ ಅಡಿಕೆ ತೂಗುವ ತಕ್ಕಡಿಯಲ್ಲಿ ಇಡಿ, ಚೀಲದ ತೂಕ ಕಳೆಯಿರಿ.

"ಗಂಡು ಬೆಕ್ಕಿಗೆ ಆಪರೇಶನ್ ಯಾಕೆ, ಅದೇನು ಮರಿ ಹಾಕ್ತದಾ?" ಅಂತ ಕೇಳುವ ಹಿರಿಯರು ನಮ್ಮ ಕಡೆ ಬಹಳ. ಅವರಿಗೆ ಹೀಗೆ ಹೇಳಿ: ನಮ್ಮ ಮನೆಯಲ್ಲಿ ಮರಿ ಹಾಕುವುದಿಲ್ಲ ನಿಜ, ಆದರೆ ಕೇರಿಯ ಹೆಣ್ಣು ಬೆಕ್ಕುಗಳೆಲ್ಲ ಹಾಕುವ ಮರಿಗೆ ಇದೇ ಅಪ್ಪ. ಅದೂ ಅಲ್ಲದೆ ಬೆದೆಯ ವಾಸನೆ ಹಿಡಿದು ಮೈಲಿಗಟ್ಟಲೆ ತಿರುಗುತ್ತದೆ, ಹೆದ್ದಾರಿ ದಾಟುತ್ತದೆ, ಕಚ್ಚಾಡಿ ಬರುತ್ತದೆ. ಕಚ್ಚಿದ ಗಾಯ ಮೇಲೆ ಮುಚ್ಚಿ ಒಳಗೆ ಕೀವು ತುಂಬುತ್ತದೆ. ಬೆಕ್ಕುಗಳಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಎಫ್‌ಐವಿ ವೈರಸ್ ಮುಖ್ಯವಾಗಿ ಹರಡುವುದೂ ಇಂಥ ಕಡಿತದಿಂದಲೇ. ಆಪರೇಶನ್ ಆದ ಗಂಡು ಬೆಕ್ಕು ಮನೆಯ ಸುತ್ತಲೇ ಇರುತ್ತದೆ. ಇಲಿ ಹಿಡಿಯುವುದನ್ನೂ ಬಿಡುವುದಿಲ್ಲ, ಆ ಚಿಂತೆ ಬೇಡ.

ಕಾಲದ ಬಗ್ಗೆ ಹೇಳುವುದಾದರೆ ಮಳೆ ಮುಗಿದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಹೊತ್ತು. ನೊಣ ಕಡಿಮೆ, ನೆಲ ಒಣಗಿರುತ್ತದೆ. ಹಾಗಂತ ಜೂನ್‌ನಲ್ಲಿ 5 ತಿಂಗಳಾದ ಮರಿಯನ್ನು ದೀಪಾವಳಿವರೆಗೆ ಕಾಯಿಸಬೇಡಿ. ಅಷ್ಟರಲ್ಲಿ ಚಾಳಿ ಹಿಡಿದುಬಿಡುತ್ತದೆ. ಒಣ ಕೋಣೆಯೊಂದನ್ನು ಸಿದ್ಧ ಮಾಡಿಟ್ಟುಕೊಂಡು ಮಳೆಯಲ್ಲೇ ಮಾಡಿಸಿ.

ಡಾಕ್ಟರನ್ನು ಹುಡುಕುವುದು

ಪ್ರತಿ ತಾಲೂಕಿನಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದೆ. ನಮ್ಮ ಜಿಲ್ಲೆಯ ಡಾಕ್ಟರುಗಳಿಗೆ ದಿನವೂ ಆಕಳು, ಎಮ್ಮೆಗಳದ್ದೇ ಕೆಲಸ. ಬೆಕ್ಕಿನ ಆಪರೇಶನ್ ಎಲ್ಲ ಕಡೆ ಆಗುವುದಿಲ್ಲ. ಮೊದಲು ಹೋಗಿ ಅಥವಾ ಫೋನ್ ಮಾಡಿ ನೇರವಾಗಿ ಕೇಳಿ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೂ ಕೇಳಬಹುದು. ಸಿಗದಿದ್ದರೆ ಸಾಕುಪ್ರಾಣಿಗಳನ್ನೇ ನೋಡುವ ಖಾಸಗಿ ಡಾಕ್ಟರು. ಕಾರವಾರದವರಿಗೆ ಗೋವಾ ಹತ್ತಿರ, ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಇದೆ.

ಕೇಳಬೇಕಾದ್ದನ್ನು ಸಂಕೋಚ ಇಲ್ಲದೆ ಕೇಳಿ. ನೀವು ಬೆಕ್ಕಿಗೆ ಆಪರೇಶನ್ ಮಾಡುತ್ತೀರಾ? ಅರಿವಳಿಕೆ ಏನು ಕೊಡುತ್ತೀರಿ? ನೋವಿನ ಇಂಜೆಕ್ಷನ್ ಕೊಡುತ್ತೀರಾ? ಎಚ್ಚರ ಆಗುವವರೆಗೆ ಅಲ್ಲೇ ಇಟ್ಟುಕೊಳ್ಳುತ್ತೀರಾ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಒಟ್ಟು ಖರ್ಚು ಎಷ್ಟು? ಹೋರಿಗೆ ಬೀಜ ಒಡೆದ ಹಾಗೆ ಎಚ್ಚರ ಇರುವಾಗಲೇ ಮಾಡುತ್ತೇವೆ ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಬೆಕ್ಕನ್ನು ಕೊಡಬೇಡಿ. ಊರಲ್ಲಿ ಡಾಕ್ಟರಲ್ಲದೆ ತಾವೇ ಮಾಡುವವರ ಹತ್ತಿರ ಅಂತೂ ಬೇಡವೇ ಬೇಡ.

ಲಸಿಕೆ ಹಾಕಿಸಿದ್ದೀರಾ ಅಂತ ನೋಡಿಕೊಳ್ಳಿ. ಮೂರು ರೋಗಗಳ ಒಂದೇ ಲಸಿಕೆ 8–9 ವಾರಕ್ಕೆ ಶುರು, 3–4 ವಾರ ಬಿಟ್ಟು ಮತ್ತೊಂದು. ರೇಬೀಸ್ ಲಸಿಕೆ 3 ತಿಂಗಳು ತುಂಬಿದ ಮೇಲೆ. ಲಸಿಕೆ ಇಲ್ಲದ ಮರಿ ಆಸ್ಪತ್ರೆಯಿಂದಲೇ ರೋಗ ಹೊತ್ತು ತರಬಹುದು. ಚಿಗಟ ಇದ್ದರೆ ಬೆಕ್ಕಿನ ಔಷಧಿಯನ್ನೇ ಕೇಳಿ ಹಾಕಿ. ನಾಯಿಯ ಉಣ್ಣಿ ಪೌಡರಿನಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಅದು ವಿಷ.

ಡಾಕ್ಟರು ಎರಡೂ ಬೀಜ ಕೆಳಗಿಳಿದಿದೆಯೇ ಅಂತ ಮುಟ್ಟಿ ನೋಡುತ್ತಾರೆ. ನೀವೂ ಮನೆಯಲ್ಲಿ ನೋಡಬಹುದು. ಬಾಲದ ಕೆಳಗೆ, ಗುದದ್ವಾರದ ಕೆಳಗೆ, ಎರಡು ಗಟ್ಟಿ ಉಂಡೆ ಬೆರಳಿಗೆ ಸಿಗಬೇಕು. ಒಂದೇ ಸಿಕ್ಕರೆ ಇನ್ನೊಂದು ಹೊಟ್ಟೆಯಲ್ಲೋ ತೊಡೆಸಂದಿನಲ್ಲೋ ಉಳಿದಿದೆ ಅಂತ ಅರ್ಥ. ಸಿಕ್ಕ ಒಂದನ್ನೇ ತೆಗೆಸಿ ಬಂದರೆ ಪ್ರಯೋಜನವಿಲ್ಲ. ಒಳಗೆ ಉಳಿದದ್ದು ಹಾರ್ಮೋನು ತಯಾರಿಸುತ್ತಲೇ ಇರುತ್ತದೆ, ಬೆಕ್ಕು ಹಾರಿಸುತ್ತಲೇ ಇರುತ್ತದೆ. ಅದನ್ನು ಹುಡುಕಿ ತೆಗೆಯುವುದು ದೊಡ್ಡ ಆಪರೇಶನ್, ಅದಕ್ಕೆ ಅನುಭವ ಇರುವ ಕಡೆಯೇ ಹೋಗಬೇಕು.

ಹಿಂದಿನ ದಿನ ಮತ್ತು ಪ್ರಯಾಣ

ಹಿಂದಿನ ರಾತ್ರಿ ಬೆಕ್ಕನ್ನು ಒಳಗೆ ಕೂಡಿಹಾಕಿ. ಇಲ್ಲದಿದ್ದರೆ ಬೆಳಿಗ್ಗೆ ಹೊರಡುವ ಹೊತ್ತಿಗೆ ಅದು ತೋಟದಲ್ಲಿರುತ್ತದೆ. ಅಷ್ಟೇ ಅಲ್ಲ, ಯಾರದ್ದೋ ಹಿತ್ತಲಲ್ಲಿ ಬಂಗುಡೆ ತಲೆ ತಿಂದು ಬಂದರೆ ನಿಮಗೆ ಗೊತ್ತಾಗುವುದೂ ಇಲ್ಲ. ಹೊಟ್ಟೆ ತುಂಬಿರುವಾಗ ಅರಿವಳಿಕೆ ಕೊಟ್ಟರೆ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗುವ ಅಪಾಯ ಇದೆ. ದೊಡ್ಡ ಬೆಕ್ಕಿಗೆ ಸಾಮಾನ್ಯವಾಗಿ 6ರಿಂದ 8 ಗಂಟೆ ಉಪವಾಸ ಹೇಳುತ್ತಾರೆ. 4 ತಿಂಗಳಿನ ಆಸುಪಾಸಿನ ಮರಿಗೆ ಅಷ್ಟು ಹೊತ್ತು ಬೇಡ, 2ರಿಂದ 4 ಗಂಟೆ ಸಾಕು. ಮರಿ ಜಾಸ್ತಿ ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ನಿಮ್ಮ ಡಾಕ್ಟರು ಹೇಳಿದ ಲೆಕ್ಕವನ್ನೇ ಪಾಲಿಸಿ. ನೀರನ್ನು ಹೊರಡುವವರೆಗೂ ಇಡಬಹುದು.

ಗೋಣಿಚೀಲ ಬೇಡ. ಉಸಿರು ಕಟ್ಟುತ್ತದೆ, ಬೆಕ್ಕು ಹೆದರಿ ಕಂಗಾಲಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ತರಕಾರಿ ತರುವ ಎರಡು ಪ್ಲಾಸ್ಟಿಕ್ ಕ್ರೇಟನ್ನು ಬಾಯಿಗೆ ಬಾಯಿ ಕೂಡಿಸಿ ಹಗ್ಗದಿಂದ ಬಿಗಿದರೆ ಚೆನ್ನಾಗಿ ನಡೆಯುತ್ತದೆ. ಒಳಗೆ ಅದು ಮಲಗುವ ಹಳೇ ಸೀರೆ ತುಂಡು ಹಾಸಿ. ಮೇಲೊಂದು ಬಟ್ಟೆ ಮುಚ್ಚಿ, ಕತ್ತಲಿದ್ದರೆ ಕೂಗು ಕಡಿಮೆ. ಒಂದು ವಾರ ಮೊದಲೇ ಕ್ರೇಟನ್ನು ಜಗುಲಿಯಲ್ಲಿ ತೆರೆದಿಟ್ಟು ಒಳಗೆ ಊಟ ಹಾಕಿದರೆ ಹೊರಡುವ ದಿನ ಹಿಡಿಯುವ ಗಲಾಟೆ ಇರುವುದಿಲ್ಲ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ದಾಟುವವರಿದ್ದರೆ ಒಂದು ಹಳೇ ಟವೆಲ್ ಜಾಸ್ತಿ ಇಟ್ಟುಕೊಳ್ಳಿ. ತಿರುವಿನಲ್ಲಿ ಬೆಕ್ಕಿಗೂ ಹೊಟ್ಟೆ ತೊಳೆಸುತ್ತದೆ.

ಆಪರೇಶನ್‌ನಲ್ಲಿ ಏನು ಮಾಡುತ್ತಾರೆ

ಇಂಜೆಕ್ಷನ್ ಕೊಟ್ಟು ಪೂರ್ತಿ ಮಲಗಿಸುತ್ತಾರೆ. ವೃಷಣದ ಚೀಲದ ಕೂದಲು ತೆಗೆದು, ಶುಚಿ ಮಾಡಿ, ಸಣ್ಣದಾಗಿ ಕೊಯ್ದು ಎರಡೂ ಬೀಜ ಹೊರಗೆ ತೆಗೆಯುತ್ತಾರೆ. ರಕ್ತನಾಳವನ್ನು ಗಂಟು ಹಾಕಿ ಕತ್ತರಿಸುತ್ತಾರೆ. ಗಂಡು ಬೆಕ್ಕಿಗೆ ಸಾಮಾನ್ಯವಾಗಿ ಹೊರಗೆ ಹೊಲಿಗೆ ಇರುವುದಿಲ್ಲ, ಗಾಯ ತಾನಾಗಿ ಕೂಡಿಕೊಳ್ಳುತ್ತದೆ. ಹೊಲಿಗೆ ಇಲ್ಲ ಅಂತ ಗಾಬರಿಯಾಗಬೇಡಿ. ಆಪರೇಶನ್ ಕೆಲವೇ ನಿಮಿಷದ ಕೆಲಸ, ಎಚ್ಚರವಾಗಲು ಮಾತ್ರ ಹೊತ್ತು ಬೇಕು. ಅದೇ ದಿನ ಮನೆಗೆ ತರಬಹುದು.

ಮನೆಗೆ ತಂದ ಮೇಲೆ

ಮೊದಲ ರಾತ್ರಿ ಒಂದು ಕೋಣೆಯಲ್ಲಿ, ನೆಲದ ಮೇಲೆ, ಬಾಗಿಲು ಮುಚ್ಚಿ ಇಡಿ. ಮಂಚ, ಅಟ್ಟ, ಮೆಟ್ಟಿಲು ಹತ್ತಲು ಬಿಡಬೇಡಿ. ಅರಿವಳಿಕೆ ಇಳಿಯುವಾಗ ಬೆಕ್ಕು ತೂರಾಡುತ್ತದೆ, ಬಿದ್ದು ಪೆಟ್ಟಾಗುತ್ತದೆ. ಅರಿವಳಿಕೆಯಲ್ಲಿ ಮೈ ತಣ್ಣಗಾಗುತ್ತದೆ. ಡಿಸೆಂಬರ್‌ನ ಶಿರಸಿ ಚಳಿಯಲ್ಲಿ, ಜುಲೈನ ಥಂಡಿಯಲ್ಲಿ ಇದು ಸಣ್ಣ ವಿಷಯವಲ್ಲ. ಬಿಸಿನೀರಿನ ಬಾಟಲಿಗೆ ದಪ್ಪ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಒಲೆಯ ಬುಡಕ್ಕೆ ಇಡಬೇಡಿ, ಅರೆ ಎಚ್ಚರದ ಬೆಕ್ಕು ಸುಟ್ಟುಕೊಂಡರೂ ಸರಿಯುವುದಿಲ್ಲ.

ತಲೆ ಎತ್ತಿ ಸರಿಯಾಗಿ ನಡೆಯಲು ಶುರು ಮಾಡಿದ ಮೇಲೆ ಮೊದಲು ನೀರು, ಆಮೇಲೆ ಸ್ವಲ್ಪ ಊಟ. ಹಾಲು ಬೇಡ, ಬೇಯಿಸಿದ ಮೀನಿನ ತುಂಡೋ ಮೊಟ್ಟೆಯೋ ಸಾಕು. ಮರುದಿನ ಬೆಳಿಗ್ಗೆಗೂ ಏನೂ ತಿನ್ನದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಡಾಕ್ಟರಿಗೆ ತಿಳಿಸಿ.

ಬೆಳಗಿನ ಬೆಳಕಿನಲ್ಲಿ ಬಾಲ ಎತ್ತಿ ಗಾಯ ನೋಡಿ. ಚೀಲ ಖಾಲಿಯಾಗಿದ್ದರೂ ಸ್ವಲ್ಪ ಊದಿಕೊಂಡು ಬೀಜ ಅಲ್ಲೇ ಇದೆಯೇನೋ ಅನ್ನಿಸಬಹುದು. ಅಂಚಿನಲ್ಲಿ ಒಣಗಿದ ರಕ್ತದ ಸಣ್ಣ ಹೊಪ್ಪಳೆ, ತುಸು ಕೆಂಪು, ಇಷ್ಟು ಸಹಜ. ರಕ್ತ ತೊಟ್ಟಿಕ್ಕುತ್ತಿದ್ದರೆ, ಊತ ದಿನದಿಂದ ದಿನಕ್ಕೆ ಏರಿದರೆ, ಕೀವು ಬಂದರೆ, ಕೆಟ್ಟ ವಾಸನೆ ಹೊಡೆದರೆ ಕಾಯಬೇಡಿ. ದಿನಕ್ಕೆರಡು ಸಲ ನೋಡಿ, ಒಂದು ವಾರ.

ನಮ್ಮ ಕಡೆ ದೊಡ್ಡ ಭಯ ಗಾಯಕ್ಕೆ ಹುಳ ಬೀಳುವುದು. ಅದಕ್ಕೇ ಏಳು ದಿನ ಹೊರಗೆ ಬಿಡಬಾರದು, ಕೊಟ್ಟಿಗೆಯ ಹತ್ತಿರವೂ ಬೇಡ. ಕೈಗೆ ಸಿಗುವ ಮದ್ದುಗಳನ್ನು ಮಾತ್ರ ಹಚ್ಚಬೇಡಿ. ಆಕಳ ಗಾಯಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಹಾಕಿ ಹಚ್ಚುವ ರೂಢಿ ಇದೆ. ಬೆಕ್ಕು ಅದನ್ನು ನೆಕ್ಕುತ್ತದೆ, ಕರ್ಪೂರ ಅದಕ್ಕೆ ವಿಷ. ಟರ್ಪಂಟೈನ್, ಫಿನಾಯಿಲ್, ಡೆಟಾಲ್ ಇವೂ ಹಾಗೆಯೇ. ಅರಿಶಿನ ಪುಡಿ ಮೆತ್ತುವುದೂ ಬೇಡ, ತೆರೆದ ಗಾಯಕ್ಕೆ ಪುಡಿ ಸೇರಿ ಕೊಳೆಯಾಗುತ್ತದೆ. ನೆಕ್ಕಿ ನೆಕ್ಕಿ ಗಾಯ ಬಿಚ್ಚುತ್ತಿದ್ದರೆ ಕುತ್ತಿಗೆಗೆ ಹಾಕುವ ಕಾಲರ್ ತನ್ನಿ.

ನೋವಾಗುತ್ತಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸುವ ಶಕ್ತಿ ಇಲ್ಲ. ನೋವಿನ ಔಷಧಿ ಏನಿದ್ದರೂ ಡಾಕ್ಟರು ಬೆಕ್ಕಿನ ತೂಕ ನೋಡಿ ಕೊಟ್ಟದ್ದೇ ಆಗಬೇಕು.

ಈ ದಿನಗಳಲ್ಲಿ ಟ್ರೇಗೆ ಮರಳು, ಮರದ ಹೊಟ್ಟು ಹಾಕಬೇಡಿ, ಗಾಯಕ್ಕೆ ಅಂಟುತ್ತದೆ. ಹಳೇ ಪೇಪರನ್ನು ಹರಿದು ಹಾಕಿ. ಹತ್ತು ದಿನ ಸ್ನಾನ ಬೇಡ.

ಎರಡು ವಿಷಯ ಜನ ಮರೆಯುತ್ತಾರೆ. ಒಂದು, ಆಪರೇಶನ್ ಆದ ಕೂಡಲೇ ಗಂಡು ಬಂಜೆಯಾಗುವುದಿಲ್ಲ. ನಾಳದಲ್ಲಿ ಉಳಿದ ವೀರ್ಯದಿಂದ ಇನ್ನೂ ಕೆಲವು ವಾರ ಮರಿಯಾಗಬಹುದು. ಆಪರೇಶನ್ ಆಗದ ಹೆಣ್ಣು ಬೆಕ್ಕಿನಿಂದ 4ರಿಂದ 6 ವಾರ ದೂರ ಇಡಿ. ಎರಡು, ಇನ್ನು ಮೇಲೆ ಅದಕ್ಕೆ ಮೊದಲಿಗಿಂತ ಸುಮಾರು ಕಾಲು ಭಾಗ ಕಡಿಮೆ ಆಹಾರ ಸಾಕು, ಆದರೆ ಹಸಿವು ಮಾತ್ರ ಹೆಚ್ಚುತ್ತದೆ. ಕೇಳಿದಾಗೆಲ್ಲ ಹಾಕಿದರೆ ದಪ್ಪಗಾಗುತ್ತದೆ. ದಪ್ಪ ಬೆಕ್ಕಿಗೆ ಸಕ್ಕರೆ ಕಾಯಿಲೆ, ಉಚ್ಚೆ ಕಟ್ಟುವ ಕಾಯಿಲೆ ಎರಡೂ ಹತ್ತಿರ. ಅನ್ನವನ್ನು ಕಡಿಮೆ ಮಾಡಿ, ಮೀನು, ಕೋಳಿ, ಮೊಟ್ಟೆ ಇರಲಿ. ಮಾಂಸ ತರದ ಮನೆಯವರು ಅಂಗಡಿಯ ಬೆಕ್ಕಿನ ಆಹಾರವನ್ನಾದರೂ ಹಾಕಬೇಕು. ಬರೀ ಹಾಲು ಅನ್ನದಲ್ಲಿ ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಾಲುವುದಿಲ್ಲ. ಅದು ಇಲ್ಲದಿದ್ದರೆ ಬೆಕ್ಕಿನ ಕಣ್ಣೂ ಹೃದಯವೂ ಹಾಳಾಗುತ್ತವೆ.

ಹಳೇ ವಾಸನೆ ತೆಗೆಯುವುದು

ಇಲ್ಲಿ ಬಹಳ ಮನೆಗಳು ಸೋಲುತ್ತವೆ. ಆಪರೇಶನ್ ಚೆನ್ನಾಗಿ ಆಗಿರುತ್ತದೆ, ಆದರೆ ಗೋಡೆಯಲ್ಲಿ ಹಳೇ ವಾಸನೆ ಉಳಿದಿರುತ್ತದೆ. ಬೆಕ್ಕು ಬಂದು ಮೂಸುತ್ತದೆ, ತನ್ನದೇ ಗುರುತು ಮಾಸಿದೆ ಅಂತ ಮತ್ತೆ ಹಾರಿಸುತ್ತದೆ.

ನಮ್ಮ ಮನೆಗಳಲ್ಲಿ ಇದು ಇನ್ನೂ ಕಷ್ಟ. ಚಿರೇಕಲ್ಲಿನ ಗೋಡೆ, ಸುಣ್ಣ ಬಳಿದ ಮಣ್ಣಿನ ಗೋಡೆ ಉಚ್ಚೆಯನ್ನು ಹೀರಿಕೊಳ್ಳುತ್ತದೆ. ಉಚ್ಚೆಯ ಯೂರಿಕ್ ಆಮ್ಲ ಒಣಗಿ ಹರಳಾಗಿ ಒಳಗೇ ಕೂರುತ್ತದೆ, ಅದು ಬರೀ ನೀರಿಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ವಾಸನೆ ಹೋಯಿತು ಅಂತ ಅಂದುಕೊಂಡಿರುತ್ತೀರಿ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಜೂನ್‌ನಲ್ಲಿ ಗೋಡೆ ಥಂಡಿ ಹಿಡಿಯುತ್ತಿದ್ದ ಹಾಗೆ ಆ ಹರಳು ಪಸೆ ಹೀರಿ ಅದೇ ನಾತ ಮತ್ತೆ ಏಳುತ್ತದೆ. ಹಾಗಾಗಿ ಈ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ.

ಮೊದಲು ಜಾಗ ಹುಡುಕಿ. ಕಣ್ಣಿಗೆ ಕಾಣದ ಕಲೆ ನೇರಳಾತೀತ (ಯುವಿ) ಬೆಳಕಿನ ಟಾರ್ಚಿನಲ್ಲಿ ಕಾಣುತ್ತದೆ, ನಕಲಿ ನೋಟು ನೋಡಲು ಬಳಸುತ್ತಾರಲ್ಲ ಅಂಥದ್ದು. ರಾತ್ರಿ ಲೈಟ್ ಆರಿಸಿ ನೆಲದಿಂದ ಒಂದೆರಡು ಅಡಿ ಎತ್ತರದವರೆಗೆ ಹಿಡಿದು ನೋಡಿ, ಸೀಮೆಸುಣ್ಣದಿಂದ ಗುರುತು ಮಾಡಿ.

ಬಟ್ಟೆ ಒಗೆಯುವ ಪುಡಿಗಳಲ್ಲಿ ಎಂಜೈಮ್ ಇರುವಂಥದ್ದನ್ನು ತನ್ನಿ, ಪೊಟ್ಟಣದ ಮೇಲೆ ಬರೆದಿರುತ್ತದೆ. ಸಾಕುಪ್ರಾಣಿಗಳ ಉಚ್ಚೆಗೆಂದೇ ಇರುವ ಎಂಜೈಮ್ ದ್ರಾವಣ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಪಾಲು ಪುಡಿಗೆ ಒಂಬತ್ತು ಪಾಲು ಉಗುರುಬೆಚ್ಚಗಿನ ನೀರು. ಕುದಿಯುವ ನೀರಿನಲ್ಲಿ ಎಂಜೈಮ್ ಸಾಯುತ್ತದೆ. ಹಳೇ ಬಟ್ಟೆಯನ್ನು ಅದರಲ್ಲಿ ಅದ್ದಿ ಗೋಡೆಗೆ ಅಂಟಿಸಿದಂತೆ ಹಿಡಿಸಿ, ಒಣಗದ ಹಾಗೆ ಆಗಾಗ ಒದ್ದೆ ಮಾಡುತ್ತಾ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಚಿರೇಕಲ್ಲಿಗೆ ಇನ್ನೂ ಜಾಸ್ತಿ ಹೊತ್ತು ಬೇಕು. ಆಮೇಲೆ ತಣ್ಣೀರಿನಿಂದ ತೊಳೆದು ಫ್ಯಾನ್ ಹಾಕಿ ಪೂರ್ತಿ ಒಣಗಿಸಿ. ಒಣಗಿದ ಮೇಲೆ ಸರ್ಜಿಕಲ್ ಸ್ಪಿರಿಟ್‌ನಿಂದ ಒರೆಸಿ. ಒಲೆ, ದೀಪ ಹತ್ತಿರ ಇರಬಾರದು. ಪಾಲಿಶ್ ಮಾಡಿದ ಮರಕ್ಕೂ ಕೆಂಪು ಗಾರೆ ನೆಲಕ್ಕೂ ಸ್ಪಿರಿಟ್ ಬಳಸುವ ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ. ಹಳೇ ಕಲೆಗೆ ಇದನ್ನೇ ಎರಡು ಮೂರು ಸಲ ಮಾಡಬೇಕಾಗುತ್ತದೆ. ಕೊನೆಗೆ ಸುಣ್ಣ ಬಳಿಯಬಹುದು. ತೊಳೆಯದೆ ಸುಣ್ಣ ಬಳಿದರೆ ಮಾತ್ರ ಏನೂ ಉಪಯೋಗವಿಲ್ಲ.

ನೆಲ ಒರೆಸುವ ಫಿನಾಯಿಲ್ ನಮ್ಮ ಎಲ್ಲ ಮನೆಯಲ್ಲೂ ಇರುತ್ತದೆ. ಬೆಕ್ಕು ಅದರ ಮೇಲೆ ನಡೆದು ಪಾದ ನೆಕ್ಕುತ್ತದೆ. ಅದರಲ್ಲಿರುವ ಫಿನಾಲ್ ಬೆಕ್ಕಿನ ದೇಹಕ್ಕೆ ಅರಗುವುದಿಲ್ಲ. ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಬಿಡುವುದೇ ಒಳ್ಳೆಯದು. ಬ್ಲೀಚಿಂಗ್ ಪುಡಿಯನ್ನು ಉಚ್ಚೆಯ ಮೇಲೆ ಸುರಿದರೆ ಅಮೋನಿಯಾ ಜೊತೆ ಸೇರಿ ವಿಷಗಾಳಿ ಏಳುತ್ತದೆ, ಅದು ನಿಮಗೂ ಅಪಾಯ. ನುಸಿಗುಳಿಗೆ, ಮೆಣಸಿನ ಪುಡಿ ಇಡುವುದು ಬೇಡ. ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟಿದರೆ ಬೆಕ್ಕು ಹೆದರುವುದಿಲ್ಲ.

ತೊಳೆದ ಜಾಗದಲ್ಲಿ ಊಟದ ತಟ್ಟೆ ಇಟ್ಟು ನೋಡಿ, ಅಥವಾ ಅದರ ಹಾಸಿಗೆ ಹಾಕಿ. ಉಣ್ಣುವ, ಮಲಗುವ ಕಡೆ ಬೆಕ್ಕು ಸಾಮಾನ್ಯವಾಗಿ ಹಾರಿಸುವುದಿಲ್ಲ.

ಮನೆಯೊಳಗೆ ಟ್ರೇ

"ನಮ್ಮ ಬೆಕ್ಕು ಹೊರಗೇ ಹೋಗ್ತದೆ, ಟ್ರೇ ಯಾಕೆ?" ಮಳೆಗಾಲಕ್ಕೆ. ವಾರಗಟ್ಟಲೆ ಹೊಯ್ಯುವ ಮಳೆಯಲ್ಲಿ ತೋಟದ ನೆಲವೆಲ್ಲ ಕೆಸರು, ಒಣ ಮಣ್ಣು ಎಲ್ಲೂ ಸಿಗುವುದಿಲ್ಲ. ಬೆಕ್ಕು ಒಳಗೇ ಕೂತು ಬೇಸರ ಪಡುತ್ತದೆ, ಜಗಳ ಶುರುವಾಗುತ್ತದೆ, ಉಚ್ಚೆಯೂ ಒಳಗೇ.

ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇಡಬೇಕು, ಬೇರೆ ಬೇರೆ ಮೂಲೆಯಲ್ಲಿ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಉದ್ದ ಇದ್ದರೆ ತಿರುಗಲು ಆರಾಮ. ಮೂರು ನಾಲ್ಕು ಸೆಂಟಿಮೀಟರ್ ಸಣ್ಣ ಮರಳು, ತೆಂಗಿನ ನಾರಿನ ಪುಡಿ, ಒಣ ಮರದ ಹೊಟ್ಟು ಯಾವುದೂ ಆದೀತು. ಒಲೆಯ ಬೂದಿ ಬೇಡ, ಒದ್ದೆಯಾದರೆ ಕ್ಷಾರದಿಂದ ಪಾದ ಉರಿಯುತ್ತದೆ. ಬಚ್ಚಲ ಒಲೆಯ ಪಕ್ಕ, ಊಟದ ತಟ್ಟೆಯ ಪಕ್ಕ, ಮಿಕ್ಸಿ ಗದ್ದಲದ ಪಕ್ಕ ಟ್ರೇ ಇಡಬೇಡಿ. ದಿನಕ್ಕೊಮ್ಮೆ ತೆಗೆದು ಶುಚಿ ಮಾಡಿ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ.

ಹೊರಗಿನ ಗಂಡು ಬೆಕ್ಕು

ನಿಮ್ಮ ಬೆಕ್ಕಿಗೆ ಆಪರೇಶನ್ ಆದರೂ ಪಕ್ಕದ ಕೇರಿಯ ಗಡವ ರಾತ್ರಿ ಬಂದು ನಿಮ್ಮ ಜಗುಲಿ ಕಂಬಕ್ಕೆ ಹಾರಿಸಿ ಹೋದರೆ ನಿಮ್ಮದೂ ಉತ್ತರ ಕೊಡುತ್ತದೆ. ನಿಮ್ಮದು ಹಾರಿಸುವ ಜಾಗ ಬಾಗಿಲು, ಕಿಟಕಿಯ ಸುತ್ತಲೇ ಇದ್ದರೆ ಕಾರಣ ಹೊರಗೇ ಇದೆ ಅಂತ ತಿಳಿಯಿರಿ. ಕಿಟಕಿಯ ಕೆಳಭಾಗಕ್ಕೆ ಕಾಗದ ಅಂಟಿಸಿ, ಹೊರಗಿನ ಬೆಕ್ಕು ಕಾಣದ ಹಾಗೆ. ರಾತ್ರಿ ಅಂಗಳದಲ್ಲಿ ಊಟ ಉಳಿಸಬೇಡಿ. ಹೊರಗಿನ ಕಂಬವನ್ನೂ ಎಂಜೈಮ್ ನೀರಿನಿಂದಲೇ ತೊಳೆಯಿರಿ.

ನಿಜವಾದ ಪರಿಹಾರ ಆ ಗಂಡಿಗೂ ಆಪರೇಶನ್ ಮಾಡಿಸುವುದು. ಯಜಮಾನರಿದ್ದರೆ ಮಾತಾಡಿ, ಎರಡು ಬೆಕ್ಕನ್ನು ಒಂದೇ ದಿನ ಕರೆದೊಯ್ದರೆ ಗಾಡಿ ಖರ್ಚೂ ಅರ್ಧ. ಯಾರೂ ಇಲ್ಲದ ಬೆಕ್ಕಾದರೆ ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಊಟ ಹಾಕಿ ರೂಢಿ ಮಾಡಿಸಿ, ಆಮೇಲೆ ಬೋನು ಇಟ್ಟು ಹಿಡಿಯಬೇಕು. ಬರಿಗೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಚುಚ್ಚುಮದ್ದಿಗೆ ಹೋಗಿ. ಬೀದಿ ಬೆಕ್ಕಿಗೆ ಅರಿವಳಿಕೆ ಇರುವಾಗಲೇ ಕಿವಿಯ ತುದಿ ಸ್ವಲ್ಪ ಕತ್ತರಿಸಲು ಡಾಕ್ಟರಿಗೆ ಹೇಳಿ. ಆಗ ಯಾರೂ ಅದನ್ನು ಮತ್ತೆ ಹಿಡಿದು ಕಷ್ಟ ಕೊಡುವುದಿಲ್ಲ.

ಮನೆಯಲ್ಲಿ ಹೆಣ್ಣು ಬೆಕ್ಕಿದ್ದರೆ ಅದಕ್ಕೂ ಮಾಡಿಸಿ. ಹೆಣ್ಣು ಬೆದೆಗೆ ಬರುತ್ತಿರುವವರೆಗೆ ಕೇರಿಯ ಗಂಡುಗಳೆಲ್ಲ ನಿಮ್ಮ ಅಂಗಳದಲ್ಲೇ.

ಇಷ್ಟಾದರೂ ನಿಲ್ಲದಿದ್ದರೆ

ಆಪರೇಶನ್ ಆದ ಮೇಲೆ ಹಾರ್ಮೋನು ಬೇಗ ಇಳಿಯುತ್ತದೆ. ಆದರೆ ರೂಢಿಯಾದ ನಡತೆ ಬಿಡಲು ಕೆಲವಕ್ಕೆ ವಾರಗಳು, ಕೆಲವಕ್ಕೆ ತಿಂಗಳುಗಳೇ ಬೇಕು. ದೊಡ್ಡ ವಯಸ್ಸಿನಲ್ಲಿ ಮಾಡಿಸಿದ ಬೆಕ್ಕಿಗೆ ಮೂರು ತಿಂಗಳು ಕಾಯಿರಿ. ಆ ಹೊತ್ತಿನಲ್ಲಿ ಒಂದು ಕ್ಯಾಲೆಂಡರಿನಲ್ಲಿ ಬರೆದಿಡಿ: ಎಲ್ಲಿ, ಎಷ್ಟು ಹೊತ್ತಿಗೆ, ಅವತ್ತು ಮನೆಯಲ್ಲಿ ಏನಾಗಿತ್ತು. ನೆಂಟರು ಬಂದಿದ್ದರೇ, ಹೊಸ ಮರಿ ಬಂತೇ, ಅಡಿಕೆ ಸುಲಿಯುವವರು ಅಂಗಳ ತುಂಬಿದ್ದರೇ, ಮಂಗಗಳು ಮಾಡಿನ ಮೇಲೆ ಹಾರಾಡಿದವೇ? ಎರಡು ವಾರ ಬರೆದರೆ ಸಾಮಾನ್ಯವಾಗಿ ಕಾರಣ ಕಣ್ಣಿಗೆ ಬೀಳುತ್ತದೆ. ಬೆಕ್ಕಿಗೆ ಎತ್ತರದ ಒಂದು ಜಾಗ, ಯಾರೂ ಮುಟ್ಟದ ಒಂದು ಮೂಲೆ ಕೊಡಿ. ಎರಡು ಬೆಕ್ಕುಗಳ ನಡುವೆ ಜಗಳ ಇದ್ದರೆ ತಟ್ಟೆ, ನೀರು, ಮಲಗುವ ಜಾಗ ಎಲ್ಲವನ್ನೂ ಬೇರೆ ಮಾಡಿ.

ಮೂರು ತಿಂಗಳಾದರೂ ನಾತ ಮೊದಲಿನಷ್ಟೇ ಇದ್ದರೆ ಡಾಕ್ಟರಿಗೆ ಶಿಶ್ನ ಪರೀಕ್ಷೆ ಮಾಡಲು ಹೇಳಿ. ಆಪರೇಶನ್ ಆಗದ ಗಂಡಿಗೆ ಅಲ್ಲಿ ಸಣ್ಣ ಮುಳ್ಳುಗಳಿರುತ್ತವೆ, ಆಪರೇಶನ್ ಆದ ಸುಮಾರು ಆರು ವಾರದಲ್ಲಿ ಅವು ಇಲ್ಲವಾಗುತ್ತವೆ. ಇನ್ನೂ ಇದ್ದರೆ ಎಲ್ಲೋ ಒಂದು ಬೀಜ ಉಳಿದಿದೆ. ಜೊತೆಗೆ ಉಚ್ಚೆ ಪರೀಕ್ಷೆಯನ್ನೂ ಮಾಡಿಸಿ, ಮೂತ್ರಕೋಶದ ತೊಂದರೆ ಇರುವ ಬೆಕ್ಕೂ ಹಾರಿಸುವುದುಂಟು.

ಎಲ್ಲ ಸರಿ ಇದ್ದೂ ನಿಲ್ಲದ ಕೆಲವು ಬೆಕ್ಕುಗಳು ಇವೆ, ಹತ್ತರಲ್ಲಿ ಒಂದರಷ್ಟು. ಅಂಥವಕ್ಕೆ ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ಫೆರೋಮೋನ್ ಸಾಧನ ಸಿಗುತ್ತದೆ, ಪ್ಲಗ್‌ಗೆ ಸಿಕ್ಕಿಸಿದರೆ ಒಂದು ಕೋಣೆಗೆ ಆಗುತ್ತದೆ. ಕೆಲವಕ್ಕೆ ಇದರಿಂದ ಸಮಾಧಾನ, ಕೆಲವಕ್ಕೆ ಇಲ್ಲ. ಅದಕ್ಕಿಂತ ಗಟ್ಟಿ ದಾರಿ ಫ್ಲುವಾಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್ ಎಂಬ ಔಷಧಿ. ಮನುಷ್ಯರ ಮನಸ್ಸಿನ ಕಾಯಿಲೆಗೂ ಇವೇ ಔಷಧಿ, ಆದರೆ ಬೆಕ್ಕಿಗೆ ಕೊಡುವ ಪ್ರಮಾಣವೇ ಬೇರೆ. ಪಶುವೈದ್ಯರು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟೇ. ಫಲ ಕಾಣಲು ವಾರಗಳು ಬೇಕು, ಒಮ್ಮೆಲೇ ನಿಲ್ಲಿಸಬಾರದು. ಔಷಧಿ ಶುರು ಮಾಡುವ ದಿನವೇ ಗೋಡೆಯನ್ನು ಮತ್ತೊಮ್ಮೆ ಎಂಜೈಮ್ ನೀರಿನಿಂದ ತೊಳೆದುಬಿಡಿ, ಕ್ಯಾಲೆಂಡರಿನಲ್ಲಿ ಬರೆಯುವುದನ್ನೂ ಮುಂದುವರಿಸಿ. ಮುಂದಿನ ಸಲ ಹೋದಾಗ ಡಾಕ್ಟರು ಕೇಳುವುದು ಅದನ್ನೇ: ಮೊದಲು ವಾರಕ್ಕೆ ಎಷ್ಟು ಸಲ ಹಾರಿಸುತ್ತಿತ್ತು, ಈಗ ಎಷ್ಟು ಸಲ?